ಜರಾಯು: ಒಂದು ವೈದ್ಯಕ ಪದದ ಅರ್ಥ ಮತ್ತು ಮೂಲ

ಗರ್ಭಜನ್ಮದ ಪ್ರಭೇದಗಳನ್ನು ಹೇಳುವಾಗ ಜೈನ ಸಿದ್ಧಾಂತ ಗ್ರಂಥಗಳು ಜರಾಯುಜ, ಅಂಡಜ, ಪೋತ ಎಂಬ ಮೂರು ಪದಗಳನ್ನು ಬಳಸುತ್ತವೆ. ತತ್ತ್ವಾರ್ಥಸೂತ್ರದ ದ್ವಿತೀಯಾಧ್ಯಾಯವನ್ನು ಗುರುಮುಖದಿಂದ ಪಾಠ ಹೇಳಿಸಿಕೊಂಡವರೆಲ್ಲರಿಗೂ ಇವು ಕಂಠಸ್ಥವಾದ ಪದಗಳು. ಕಂಠಸ್ಥವಾದ ಪದದ ಅರ್ಥವನ್ನು ಮತ್ತೆ ವಿಚಾರಿಸಬೇಕೆಂದು ನಮಗೆ ತೋರುವುದು ಅಪರೂಪ. ಆದರೆ ಈ ಮೂರರಲ್ಲಿ ಮೊದಲನೆಯದಾದ ಜರಾಯು ಶಬ್ದದ ವಿಷಯದಲ್ಲಿ ಅಂಥ ವಿಚಾರಣೆ ಇಂದು ಅವಶ್ಯವಾಗಿದೆ. ಅದಕ್ಕೆ ಕಾರಣವನ್ನು ಮೊದಲು ನಿವೇದಿಸುತ್ತೇವೆ.

ಇಂದು ಕನ್ನಡದಲ್ಲಿ ಜೀವಶಾಸ್ತ್ರವನ್ನು ಕಲಿತ ವಿದ್ಯಾರ್ಥಿಗೆ ಜರಾಯು ಎಂದರೆ ತಾಯಿಯ ಗರ್ಭಕೋಶದ ಭಿತ್ತಿಗೆ ಅಂಟಿಕೊಂಡು, ಹೊಕ್ಕುಳಬಳ್ಳಿಯ ಮೂಲಕ ಶಿಶುವಿಗೆ ಆಹಾರವನ್ನೂ ಪ್ರಾಣವಾಯುವನ್ನೂ ಒದಗಿಸುವ ಅಂಗ. ಇಂಗ್ಲಿಷಿನಲ್ಲಿ ಪ್ಲಾಸೆಂಟಾ ಎನ್ನುವ ಅಂಗಕ್ಕೆ ನಮ್ಮ ಪಠ್ಯಪುಸ್ತಕಗಳು ಈ ಹೆಸರನ್ನಿತ್ತಿವೆ. ಆ ವಿದ್ಯಾರ್ಥಿಯು ತತ್ತ್ವಾರ್ಥಸೂತ್ರವನ್ನು ಓದಲು ತೊಡಗಿದಾಗ ಜರಾಯುಜವೆಂದರೆ ಆ ಅಂಗವುಳ್ಳ ಪ್ರಾಣಿ, ಪೋತವೆಂದರೆ ಆ ಅಂಗವಿಲ್ಲದ ಪ್ರಾಣಿ ಎಂದು ತಿಳಿಯುತ್ತಾನೆ. ಶ್ವೇತಾಂಬರ ಸಂಪ್ರದಾಯದ ತತ್ತ್ವಾರ್ಥಭಾಷ್ಯದಲ್ಲಿ ಆನೆ, ಮೊಲ, ಮುಂಗುಸಿ, ಇಲಿ ಮೊದಲಾದವು ಪೋತಜಗಳೆಂದು ಪಠಿತವಾಗಿವೆ. ಈ ಎಲ್ಲ ಪ್ರಾಣಿಗಳಿಗೂ ಆ ಅಂಗವಿರುವುದು ಇಂದು ಸಿದ್ಧವಾದ ಸಂಗತಿ. ಆದ್ದರಿಂದ ಆಚಾರ್ಯರು ತಪ್ಪಿದರೆಂದು ಅವನು ನಿರ್ಣಯಿಸುವನು. 20ನೆಯ ಶತಮಾನದ ಇಂಗ್ಲಿಷ್ ಅನುವಾದಗಳಲ್ಲಿ ಜರಾಯುಜಕ್ಕೆ ‘ಹೊಕ್ಕುಳಬಳ್ಳಿಯುಳ್ಳದ್ದು’ ಎಂಬ ಅರ್ಥ ಬರುವ ಪದವನ್ನೂ ಪೋತಕ್ಕೆ ‘ಹೊಕ್ಕುಳಬಳ್ಳಿಯಿಲ್ಲದ್ದು’ ಎಂಬ ಅರ್ಥ ಬರುವ ಪದವನ್ನೂ ಬಳಸಿರುವುದರಿಂದ ಈ ಭ್ರಾಂತಿ ಇನ್ನಷ್ಟು ದೃಢವಾಗಿದೆ.

ಆಚಾರ್ಯರು ಹೇಳದ ಮಾತನ್ನು ಅವರ ಬಾಯಲ್ಲಿಟ್ಟು ಬಳಿಕ ಅದು ತಪ್ಪೆನ್ನುವುದು ನ್ಯಾಯವಲ್ಲ. ಅವರು ಜರಾಯು ಎಂದಾಗ ಯಾವ ವಸ್ತುವನ್ನು ಉದ್ದೇಶಿಸಿದ್ದರು, ಆ ಪದವು ಎಲ್ಲಿಂದ ಬಂದಿತು, ಇಂದಿನ ಅರ್ಥವು ಅದಕ್ಕೆ ಹೇಗೆ ಅಂಟಿಕೊಂಡಿತು ಎಂಬ ಮೂರು ಪ್ರಶ್ನೆಗಳನ್ನು ಈ ಲೇಖನದಲ್ಲಿ ಪರಿಶೀಲಿಸಲಾಗಿದೆ.

1. ವೈದಿಕ ವಾಙ್ಮಯದಲ್ಲಿ ಜರಾಯು

ಜರಾಯು ಬಹು ಪ್ರಾಚೀನವಾದ ಶಬ್ದ. ಋಗ್ವೇದದ ಐದನೆಯ ಮಂಡಲದ 78ನೆಯ ಸೂಕ್ತದಲ್ಲಿ, ಹತ್ತು ತಿಂಗಳು ತುಂಬಿದ ಶಿಶುವು ಜರಾಯುವಿನೊಡನೆ ಸುಖವಾಗಿ ಕೆಳಗಿಳಿದು ಬರಲಿ ಎಂಬ ಪ್ರಾರ್ಥನೆಯಿದೆ. ಹತ್ತನೆಯ ಮಂಡಲದ 123ನೆಯ ಸೂಕ್ತದಲ್ಲಿ ವೇನನೆಂಬ ದೇವತೆಯನ್ನು ಜ್ಯೋತಿಯೇ ಜರಾಯುವಾಗಿ ಉಳ್ಳವನು ಎಂದು ವರ್ಣಿಸಿದೆ. ಸುತ್ತಲೂ ಬೆಳಕನ್ನು ಹೊದ್ದವನು ಎಂಬುದು ಇದರ ತಾತ್ಪರ್ಯ. ಇಲ್ಲಿ ಜರಾಯುವಿಗೆ ಹೊದಿಕೆಯೆಂಬ ಅರ್ಥವಲ್ಲದೆ ಬೇರಾವುದೂ ಹೊಂದುವುದಿಲ್ಲ.

ಅಥರ್ವವೇದದ ಮೊದಲ ಕಾಂಡದಲ್ಲಿ ಎರಡು ಸೂಕ್ತಗಳು ನಮಗೆ ಪ್ರಸ್ತುತವಾಗಿವೆ. ಹನ್ನೊಂದನೆಯದು ಸುಖಪ್ರಸವವನ್ನು ಕೋರುವ ಸೂಕ್ತ. ಅದರಲ್ಲಿ ಜರಾಯುವು ಕೆಳಗೆ ಬೀಳಲಿ ಎಂಬ ಮಾತು ಪುನಃ ಪುನಃ ಬರುತ್ತದೆ. ಹೆರಿಗೆಯ ಅನಂತರ ಬೀಳುವುದನ್ನೆಲ್ಲ ಇಲ್ಲಿ ಜರಾಯು ಶಬ್ದವು ಒಟ್ಟಾಗಿ ಸೂಚಿಸುತ್ತದೆಯೆಂದು ಒಪ್ಪಬೇಕು. ಇಪ್ಪತ್ತೇಳನೆಯ ಸೂಕ್ತದಲ್ಲಿ ಇದೇ ಪದವು ಹಾವುಗಳು ಕಳಚಿದ ಪೊರೆಯನ್ನು ಹೇಳುತ್ತದೆ. ಹಾವಿಗೆ ಗರ್ಭದ ಪ್ರಸಂಗವೇ ಅಲ್ಲಿಲ್ಲ. ಮೈಯನ್ನು ಸುತ್ತಿದ್ದು ಕಾಲ ತೀರಿದಾಗ ಕಳಚಿ ಬೀಳುವ ಹೊದಿಕೆ ಎಂಬಷ್ಟೇ ಈ ಎರಡಕ್ಕೂ ಸಮಾನವಾದ ಅಂಶ.

ಬ್ರಾಹ್ಮಣ ಮತ್ತು ಉಪನಿಷತ್ತುಗಳ ಕಾಲಕ್ಕೆ ಈ ಪದದ ಅರ್ಥವು ಇನ್ನೂ ಸ್ಫುಟವಾಗುತ್ತದೆ. ಐತರೇಯ ಬ್ರಾಹ್ಮಣದ ದೀಕ್ಷಾಪ್ರಕರಣದಲ್ಲಿ ದೀಕ್ಷಿತನನ್ನು ಗರ್ಭಸ್ಥ ಶಿಶುವಿಗೆ ಹೋಲಿಸಿದೆ. ಅವನಿಗೆ ಉಡಿಸುವ ವಸ್ತ್ರವು ಉಲ್ಬ. ಅದರ ಮೇಲೆ ಹೊದಿಸುವ ಕೃಷ್ಣಾಜಿನವು ಜರಾಯು. ಏಕೆಂದರೆ ಉಲ್ಬದ ಹೊರಗೆ ಜರಾಯು ಇರುತ್ತದೆ ಎಂದು ಅಲ್ಲಿ ಕಾರಣವನ್ನೂ ಕೊಟ್ಟಿದೆ. ಛಾಂದೋಗ್ಯದ ಮೂರನೆಯ ಪ್ರಪಾಠಕದಲ್ಲಿ ಬ್ರಹ್ಮಾಂಡವು ಒಡೆದಾಗ ಜರಾಯುವಿನಿಂದ ಪರ್ವತಗಳೂ ಉಲ್ಬದಿಂದ ಮೋಡ ಮಂಜುಗಳೂ ಆದುವೆಂದು ಹೇಳಿದೆ. ದಪ್ಪನಾದ ಹೊರಪೊರೆಗೂ ತೆಳುವಾದ ಒಳಪೊರೆಗೂ ಇರುವ ಭೇದವನ್ನು ಈ ಉಪಮೆಯು ಬಲ್ಲದು. ಇಂದಿನ ಶರೀರಶಾಸ್ತ್ರವು ಕೋರಿಯಾನ್, ಆಮ್ನಿಯಾನ್ ಎಂದು ಕರೆಯುವ ಎರಡು ಪೊರೆಗಳಿಗೆ ಈ ಎರಡು ಶಬ್ದಗಳು ಬಹುಮಟ್ಟಿಗೆ ಸರಿಹೊಂದುತ್ತವೆ.

2. ಪದದ ವ್ಯುತ್ಪತ್ತಿ

ಯಾಸ್ಕನು ನಿರುಕ್ತದ ಹತ್ತನೆಯ ಅಧ್ಯಾಯದಲ್ಲಿ, ಮೇಲೆ ಹೇಳಿದ ವೇನಸೂಕ್ತವನ್ನು ವ್ಯಾಖ್ಯಾನಿಸುವಾಗ ಜರಾಯು ಶಬ್ದಕ್ಕೆ ಎರಡು ನಿರ್ವಚನಗಳನ್ನು ಕೊಡುತ್ತಾನೆ. ಎರಡರಲ್ಲಿಯೂ ಜರಾ ಎಂಬ ಶಬ್ದವೇ ಮೂಲ. ಗರ್ಭದ ಜರೆಯಿಂದ ಆದುದು ಎಂಬುದು ಒಂದು, ಜರೆಯೊಡನೆ ಕೂಡಿಕೊಂಡಿರುವುದು ಎಂಬುದು ಮತ್ತೊಂದು. ಯಾಸ್ಕನ ನಿರ್ವಚನಗಳಲ್ಲಿ ಹಲವು ಆಧುನಿಕ ಭಾಷಾಶಾಸ್ತ್ರದ ಪರೀಕ್ಷೆಗೆ ನಿಲ್ಲಲಾರವು. ಆದರೆ ಇಲ್ಲಿ ಅವನು ಹಿಡಿದ ದಾರಿ ಸರಿಯಾದುದು. ಜೀರ್ಣವಾಗು, ಮುಪ್ಪಾಗು ಎಂಬರ್ಥದ ಧಾತುವೇ ಈ ಪದದ ಮೂಲವೆಂದು ಇಂದಿನ ವಿದ್ವಾಂಸರೂ ಸಾಮಾನ್ಯವಾಗಿ ಒಪ್ಪುತ್ತಾರೆ.

ಇದಕ್ಕೆ ದೂರದಿಂದ ಒಂದು ಸಾಕ್ಷ್ಯವೂ ದೊರೆಯುತ್ತದೆ. ಸಂಸ್ಕೃತದ ಜರಾ ಶಬ್ದಕ್ಕೆ ಗ್ರೀಕ್ ಭಾಷೆಯಲ್ಲಿ ಸೋದರ ಶಬ್ದವಾದ ಗೇರಸ್ ಎಂಬುದು ಮುಪ್ಪನ್ನು ಹೇಳುತ್ತದೆ. ಅದೇ ಪದವನ್ನು ಅರಿಸ್ಟಾಟಲನು ತನ್ನ ಪ್ರಾಣಿಶಾಸ್ತ್ರ ಗ್ರಂಥದಲ್ಲಿ ಹಾವು ಮೊದಲಾದವು ಕಳಚುವ ಪೊರೆಗೂ ಬಳಸುತ್ತಾನೆ. ಮುಪ್ಪಾದುದು ಕಳಚುತ್ತದೆ, ಕಳಚಿದ ಬಳಿಕ ಒಳಗಿನ ಜೀವವು ಹೊಸದಾಗಿ ಹೊರಬರುತ್ತದೆ ಎಂಬ ಭಾವನೆಯು ಎರಡು ಭಾಷೆಗಳಲ್ಲಿಯೂ ಸಮಾನವಾಗಿದೆ. ಅಥರ್ವವೇದವು ಹಾವಿನ ಪೊರೆಯನ್ನು ಜರಾಯು ಎಂದುದು ಕವಿಯ ಉಪಮೆ ಮಾತ್ರವಲ್ಲ, ಪದದ ಮೂಲಾರ್ಥವೇ ಅದೆಂದು ಇದರಿಂದ ಊಹಿಸಬಹುದು.

ಆದ್ದರಿಂದ ಮೂಲದಲ್ಲಿ ಈ ಪದವು ಅಂಗವೊಂದರ ಆಕಾರವನ್ನಾಗಲಿ ಪೋಷಣೆಯೆಂಬ ಕಾರ್ಯವನ್ನಾಗಲಿ ಹೇಳುತ್ತಿರಲಿಲ್ಲ. ಜೀವವನ್ನು ಕೆಲವು ಕಾಲ ಕಾಪಾಡಿ, ತನ್ನ ಕೆಲಸ ಮುಗಿದೊಡನೆ ಜೀರ್ಣವಾಗಿ ಕಳಚುವ ಹೊದಿಕೆ ಎಂಬುದು ಇದರ ಮೂಲಾರ್ಥ. ಇದನ್ನು ಪ್ಲಾಸೆಂಟಾ ಎಂಬ ಲ್ಯಾಟಿನ್ ಪದದೊಡನೆ ಹೋಲಿಸಿದರೆ ಭೇದವು ತಿಳಿಯುತ್ತದೆ. ಆ ಪದಕ್ಕೆ ಚಪ್ಪಟೆಯಾದ ರೊಟ್ಟಿಯಂಥ ಭಕ್ಷ್ಯವೆಂದು ಅರ್ಥ. ಇಟಲಿಯ ಶರೀರಶಾಸ್ತ್ರಜ್ಞ ರಿಯಾಲ್ಡೊ ಕೊಲಂಬೊ ತನ್ನ 1559ರ ಗ್ರಂಥದಲ್ಲಿ, ಆ ಅಂಗದ ಆಕಾರವನ್ನು ಕಂಡು ಈ ಹೆಸರನ್ನು ಬಳಕೆಗೆ ತಂದನು. ಒಂದು ಹೆಸರು ಹುಟ್ಟಿದ್ದು ಆಕಾರದಿಂದ, ಇನ್ನೊಂದು ಹುಟ್ಟಿದ್ದು ಕಳಚಿ ಬೀಳುವ ಸ್ವಭಾವದಿಂದ. ಇವೆರಡೂ ಒಂದೇ ವಸ್ತುವಿನ ಹೆಸರುಗಳೆಂದು ಮೊದಲೇ ಭಾವಿಸಲು ಆಧಾರವಿಲ್ಲ.

3. ವೈದ್ಯಗ್ರಂಥಗಳ ಪ್ರಯೋಗ

ಆಯುರ್ವೇದದ ಸಂಹಿತೆಗಳಲ್ಲಿ ಈ ಪದದ ಅರ್ಥವು ನಿಶ್ಚಿತವಾಗಿದೆ. ಸುಶ್ರುತಸಂಹಿತೆಯ ಶಾರೀರಸ್ಥಾನದ ಎರಡನೆಯ ಅಧ್ಯಾಯದಲ್ಲಿ, ಗರ್ಭದಲ್ಲಿರುವ ಶಿಶುವು ಏಕೆ ಅಳುವುದಿಲ್ಲವೆಂಬ ಪ್ರಶ್ನೆಗೆ ಉತ್ತರವಿದೆ. ಅದರ ಮುಖವು ಜರಾಯುವಿನಿಂದ ಮುಚ್ಚಿದೆ, ಕಂಠವು ಕಫದಿಂದ ಸುತ್ತುವರಿದಿದೆ, ವಾಯುವಿನ ಮಾರ್ಗವು ತಡೆದಿದೆ, ಆದ್ದರಿಂದ ಅಳುವುದಿಲ್ಲ. ಮುಖವನ್ನು ಮುಚ್ಚುವ ಜರಾಯುವು ಗರ್ಭಕೋಶದ ಭಿತ್ತಿಗೆ ಅಂಟಿದ ದಪ್ಪನಾದ ಅಂಗವಾಗಿರಲು ಸಾಧ್ಯವಿಲ್ಲ. ಅದು ಪೊರೆಯೇ ಆಗಿರಬೇಕು.

ಅದೇ ಸ್ಥಾನದ ನಾಲ್ಕನೆಯ ಅಧ್ಯಾಯದಲ್ಲಿ ಸಪ್ತಕಲೆಗಳ ನಿರೂಪಣೆಯಿದೆ. ಧಾತುಗಳಿಗೂ ಅವುಗಳ ಆಶಯಗಳಿಗೂ ನಡುವೆ ಎಲ್ಲೆಯಾಗಿರುವ ಪದರಗಳಿಗೆ ಸುಶ್ರುತನು ಕಲೆಯೆಂದು ಹೆಸರಿಟ್ಟಿದ್ದಾನೆ. ಮಾಂಸಧರಾ ಮೊದಲಾಗಿ ಶುಕ್ರಧರಾ ಎಂಬುದರವರೆಗೆ ಅವು ಏಳು. ಅವುಗಳ ಸ್ವರೂಪವನ್ನು ಹೇಳುವಾಗ ಸ್ನಾಯುಗಳಿಂದ ಮುಚ್ಚಿದವು, ಜರಾಯುವಿನಿಂದ ವ್ಯಾಪ್ತವಾದವು, ಶ್ಲೇಷ್ಮದಿಂದ ಸುತ್ತುವರಿದವು ಎಂಬ ಮೂರು ಲಕ್ಷಣಗಳನ್ನು ಕೊಡುತ್ತಾನೆ. ಗರ್ಭಕ್ಕೆ ಸಂಬಂಧವೇ ಇಲ್ಲದ ಈ ಪ್ರಸಂಗದಲ್ಲಿ ಜರಾಯು ಎಂದರೆ ದೇಹದೊಳಗಿನ ಯಾವುದೇ ತೆಳುವಾದ, ಕಾಪಾಡುವ ಪೊರೆ. ವೈದ್ಯರ ಬಾಯಲ್ಲಿ ಪದವು ಇಷ್ಟು ವ್ಯಾಪಕವಾದ ಅರ್ಥವನ್ನು ಪಡೆದಿತ್ತೆಂಬುದು ಗಮನಾರ್ಹ.

ಹಾಗಾದರೆ ಶಿಶುವನ್ನು ಪೋಷಿಸುವ ಅಂಗವನ್ನು ವೈದ್ಯರು ಅರಿಯದೆ ಇದ್ದರೇ? ಹಾಗಲ್ಲ. ಅದಕ್ಕೆ ಅವರು ಅಪರಾ ಎಂಬ ಬೇರೊಂದು ಹೆಸರನ್ನು ಇಟ್ಟಿದ್ದರು. ಚರಕಸಂಹಿತೆಯ ಶಾರೀರಸ್ಥಾನದ ಆರನೆಯ ಅಧ್ಯಾಯದಲ್ಲಿ ಶಿಶುವಿನ ನಾಭಿಗೆ ನಾಡಿಯೂ ನಾಡಿಗೆ ಅಪರೆಯೂ ಸೇರಿವೆ, ಅಪರೆಯು ತಾಯಿಯ ಹೃದಯಕ್ಕೆ ಸಂಬದ್ಧವಾಗಿದೆ ಎಂದು ಪೋಷಣೆಯ ಮಾರ್ಗವನ್ನು ವಿವರಿಸಿದೆ. ಎಂಟನೆಯ ಅಧ್ಯಾಯದಲ್ಲಿ, ಹೆರಿಗೆಯಾದ ಮೇಲೆ ಅಪರೆಯು ಬಿದ್ದಿದೆಯೋ ಇಲ್ಲವೋ ಎಂದು ನೋಡಬೇಕೆಂದೂ ಬೀಳದಿದ್ದರೆ ಮಾಡಬೇಕಾದ ಉಪಚಾರಗಳನ್ನೂ ಹೇಳಿದೆ. ಮಗುವಿನ ಮೈಗೆ ಅಂಟಿ ಬಂದ ಉಲ್ಬವನ್ನು ತೆಗೆದು ಬಾಯನ್ನು ಸೈಂಧವ ಲವಣ ಮತ್ತು ತುಪ್ಪಗಳಿಂದ ಶುದ್ಧಿಮಾಡುವ ವಿಧಿಯು ಸುಶ್ರುತನಲ್ಲಿದೆ. ಅಪರಾ, ಉಲ್ಬ, ಜರಾಯು ಎಂಬ ಮೂರು ಪದಗಳು ಹೀಗೆ ಒಂದೇ ಶಾಸ್ತ್ರದಲ್ಲಿ ತಮ್ಮ ತಮ್ಮ ವಿಷಯವನ್ನು ಹೇಳುತ್ತಿದ್ದುವು.

4. ಜೈನ ಗ್ರಂಥಗಳಲ್ಲಿ ಜರಾಯುಜ ಮತ್ತು ಪೋತ

ಜನ್ಮಭೇದದಿಂದ ಜೀವಿಗಳನ್ನು ವಿಂಗಡಿಸುವ ಪದ್ಧತಿ ಭಾರತದ ಎಲ್ಲ ಸಂಪ್ರದಾಯಗಳಲ್ಲಿಯೂ ಉಂಟು. ಛಾಂದೋಗ್ಯದ ಆರನೆಯ ಪ್ರಪಾಠಕವು ಅಂಡಜ, ಜೀವಜ, ಉದ್ಭಿಜ್ಜವೆಂದು ಮೂರನ್ನು ಹೇಳಿದೆ. ಅಲ್ಲಿ ಜರಾಯು ಶಬ್ದವಿಲ್ಲ. ಐತರೇಯೋಪನಿಷತ್ತು ಅಂಡಜ, ಜಾರುಜ, ಸ್ವೇದಜ, ಉದ್ಭಿಜ್ಜವೆಂದು ನಾಲ್ಕನ್ನು ಹೇಳಿದೆ. ಬೌದ್ಧರ ಪಾಲಿ ಗ್ರಂಥಗಳಲ್ಲಿ ಅಂಡಜ, ಜಲಾಬುಜ, ಸಂಸೇದಜ, ಓಪಪಾತಿಕ ಎಂಬ ನಾಲ್ಕು ಯೋನಿಗಳಿವೆ. ಪಾಲಿಯಲ್ಲಿ ರಕಾರವು ಲಕಾರವಾಗಿ ಜರಾಯುವು ಜಲಾಬು ಎಂದಾದುದನ್ನು ಇಲ್ಲಿ ಕಾಣಬಹುದು.

ಈ ಯಾವ ಪಟ್ಟಿಯಲ್ಲಿಯೂ ಪೋತವಿಲ್ಲ. ಅದು ಜೈನ ಪರಂಪರೆಯ ವಿಶೇಷ. ಆಚಾರಾಂಗದ ಮೊದಲ ಅಧ್ಯಯನದಲ್ಲಿ ತ್ರಸಜೀವಿಗಳನ್ನು ಎಣಿಸುವಾಗಲೇ ಅಂಡಯ, ಪೋಯಯ, ಜರಾಉಯ ಎಂಬ ಪ್ರಾಕೃತ ಪದಗಳು ಒಂದರ ಪಕ್ಕದಲ್ಲಿ ಒಂದು ನಿಂತಿವೆ. ದಶವೈಕಾಲಿಕದ ನಾಲ್ಕನೆಯ ಅಧ್ಯಯನದಲ್ಲಿಯೂ ಅದೇ ಪಟ್ಟಿಯಿದೆ. ಜರಾಯುಜದಿಂದ ಪೋತವನ್ನು ಬೇರ್ಪಡಿಸುವ ವಿವೇಕವು ತತ್ತ್ವಾರ್ಥಸೂತ್ರಕ್ಕಿಂತ ಹಿಂದಿನದೆಂಬುದು ಇದರಿಂದ ಸ್ಪಷ್ಟ. ಕ್ರಿ. ಶ. 10ನೆಯ ಶತಮಾನದಲ್ಲಿ ಚಾವುಂಡರಾಯನ ಸಮಕಾಲೀನರಾದ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳೂ ಗೊಮ್ಮಟಸಾರದ ಜೀವಕಾಂಡದಲ್ಲಿ ಈ ಮೂರನ್ನೇ ಗರ್ಭಜನ್ಮಕ್ಕೆ ಸಲ್ಲಿಸಿದ್ದಾರೆ.

ಈ ವಿಭಾಗದ ತತ್ತ್ವವನ್ನು ಅತ್ಯಂತ ಸ್ಪಷ್ಟವಾಗಿ ತಿಳಿಸಿದವರು ಸರ್ವಾರ್ಥಸಿದ್ಧಿಯ ಕರ್ತೃಗಳಾದ ಪೂಜ್ಯಪಾದರು. ಅವರ ವಿವರಣೆಯ ಸಾರ ಹೀಗಿದೆ. ಪ್ರಾಣಿಯನ್ನು ಬಲೆಯಂತೆ ಸುತ್ತುವರಿದು ಹರಡಿಕೊಂಡ, ಮಾಂಸ ಮತ್ತು ಶೋಣಿತಗಳಿಂದಾದ ಆವರಣವು ಜರಾಯು. ಉಗುರಿನ ಮೇಲ್ಪದರದಷ್ಟು ಗಟ್ಟಿಯಾದ, ಶುಕ್ರಶೋಣಿತಗಳಿಂದಾದ, ದುಂಡನೆಯ ಆವರಣವು ಅಂಡ. ಯಾವ ಆವರಣವೂ ಇಲ್ಲದೆ, ಅವಯವಗಳೆಲ್ಲ ಪೂರ್ಣವಾಗಿ, ಯೋನಿಯಿಂದ ಹೊರಬಿದ್ದೊಡನೆಯೇ ಚಲಿಸುವ ಸಾಮರ್ಥ್ಯವುಳ್ಳುದು ಪೋತ.

ಈ ಮೂರು ಲಕ್ಷಣಗಳನ್ನು ಒಟ್ಟಾಗಿ ನೋಡಿದರೆ ವಿಭಾಗದ ಸೂತ್ರವು ಕೈಗೆ ಸಿಗುತ್ತದೆ. ಮೃದುವಾದ ಆವರಣ, ಕಠಿನವಾದ ಆವರಣ, ಆವರಣದ ಅಭಾವ ಎಂಬಿವೇ ಮೂರು ಕೋಟಿಗಳು. ವಿಭಾಗಕ್ಕೆ ಆವರಣವೇ ಆಧಾರ. ಪೋಷಣೆಯ ವಿಚಾರ ಇಲ್ಲಿ ಎಲ್ಲಿಯೂ ಬಂದಿಲ್ಲ. ಜರಾಯುವಿನ ಸ್ಥಾನದಲ್ಲಿ ಪೋಷಕವಾದ ಅಂಗವನ್ನು ಇಟ್ಟರೆ ಮೊದಲ ಕೋಟಿಯು ಪೋಷಣೆಯನ್ನೂ ಎರಡನೆಯದು ಆವರಣವನ್ನೂ ಹೇಳಿದಂತಾಗಿ, ಮೂರನೆಯದು ಯಾವುದರ ಅಭಾವವೆಂದು ತಿಳಿಯದೆ ಹೋಗುತ್ತದೆ. ವಿಭಾಗಕ್ಕೆ ಒಂದೇ ಆಧಾರವಿರಬೇಕೆಂಬ ನ್ಯಾಯವು ಆಗ ಭಂಗವಾಗುತ್ತದೆ. ಶ್ವೇತಾಂಬರ ವೃತ್ತಿಕಾರರಲ್ಲಿಯೂ ಪೋತಜವೆಂದರೆ ಜರಾಯುವಿನಿಂದ ಸುತ್ತಲ್ಪಡದೆ ಹುಟ್ಟಿದುದು ಎಂಬ ವಿವರಣೆಯುಂಟು. ಸುತ್ತುವುದು ಪೊರೆಯ ಕಾರ್ಯವೆಂದು ಬೇರೆ ಹೇಳಬೇಕಾಗಿಲ್ಲ.

ಪೂಜ್ಯಪಾದರ ಲಕ್ಷಣದಲ್ಲಿ ಬಲೆಯ ಹೋಲಿಕೆ ಬಂದಿರುವುದೂ ಗಮನಾರ್ಹವಾದುದು. ಯಾಸ್ಕನು ಹಿಡಿದ ಜರೆಯ ದಾರಿಯನ್ನು ಬಿಟ್ಟು ಅವರು ಜಾಲದ ಸಾಮ್ಯವನ್ನು ಆಶ್ರಯಿಸಿದ್ದಾರೆ. ಪಾಲಿಯ ಜಲಾಬು ರೂಪವನ್ನು ನೆನೆದರೆ, ಈ ಹೋಲಿಕೆಯ ಹಿಂದೆ ಪದಗಳ ಧ್ವನಿಸಾಮ್ಯವೂ ಇದ್ದಿರಬಹುದೆಂದು ತೋರುತ್ತದೆ. ಇದು ಊಹೆಯೇ ಹೊರತು ಸಿದ್ಧಾಂತವಲ್ಲ. ಆದರೆ ರಕ್ತನಾಳಗಳು ಬಲೆಯಂತೆ ಹರಡಿದ ಪೊರೆಯನ್ನು ಕಣ್ಣಾರೆ ಕಂಡವರ ಮಾತಿನಂತೆ ಈ ಲಕ್ಷಣವು ಯಥಾರ್ಥವಾಗಿದೆ. ಉಗ್ರಾದಿತ್ಯಾಚಾರ್ಯರು ಕಲ್ಯಾಣಕಾರಕದಲ್ಲಿ ತಮ್ಮ ಹಿಂದಿನ ವೈದ್ಯಾಚಾರ್ಯರನ್ನು ನೆನೆಯುವಾಗ ಶಾಲಾಕ್ಯತಂತ್ರಕ್ಕೆ ಪೂಜ್ಯಪಾದರ ಹೆಸರನ್ನು ಹೇಳಿದ್ದಾರೆ. ಆ ಪೂಜ್ಯಪಾದರೂ ಸರ್ವಾರ್ಥಸಿದ್ಧಿಯ ಪೂಜ್ಯಪಾದರೂ ಒಬ್ಬರೇ ಎಂಬ ವಿಷಯದಲ್ಲಿ ವಿದ್ವಾಂಸರಲ್ಲಿ ಐಕಮತ್ಯವಿಲ್ಲ. ಆ ಚರ್ಚೆ ಹೇಗೇ ಇರಲಿ, ಸಿದ್ಧಾಂತ ಮತ್ತು ವೈದ್ಯಗಳೆರಡೂ ಒಂದೇ ವಿದ್ವತ್ಪರಂಪರೆಯಲ್ಲಿ ಬೆಳೆದುವೆಂಬುದರಲ್ಲಿ ಸಂದೇಹವಿಲ್ಲ.

5. ಪೋತವೋ ಪೋತಜವೋ: ಒಂದು ಪಾಠಭೇದ

ಈ ಸೂತ್ರದ ಪಾಠದಲ್ಲಿ ಎರಡು ಸಂಪ್ರದಾಯಗಳಿಗೂ ಭೇದವಿರುವುದು ಪಂಡಿತರಿಗೆ ತಿಳಿದ ಸಂಗತಿ. ದಿಗಂಬರ ಪಾಠದಲ್ಲಿ ಜರಾಯುಜ, ಅಂಡಜ ಎಂಬಲ್ಲಿ ‘ಜ’ಕಾರವಿದ್ದು ಪೋತ ಎಂಬಲ್ಲಿ ಅದಿಲ್ಲ. ಶ್ವೇತಾಂಬರ ಪಾಠದಲ್ಲಿ ಸಮಾಸದ ಕೊನೆಯಲ್ಲಿ ಬರುವ ‘ಜ’ಕಾರವು ಮೂರಕ್ಕೂ ಅನ್ವಯಿಸಿ ಪೋತಜವೆಂದಾಗುತ್ತದೆ. ಓಲೆಪ್ರತಿಗಳನ್ನು ಸಂಪಾದಿಸುವವರಿಗೆ ಇದು ಒಂದು ಅಕ್ಷರದ ಭೇದವಾಗಿ ಕಂಡೀತು. 8ನೆಯ ಶತಮಾನದ ಅಕಲಂಕದೇವರಿಗೆ ಅದು ಅರ್ಥದ ಭೇದವಾಗಿ ಕಂಡಿತು. ಕೆಲವರು ಪೋತಜವೆಂದು ಪಠಿಸುವುದನ್ನು ರಾಜವಾರ್ತಿಕದಲ್ಲಿ ಎತ್ತಿಕೊಂಡು ಅದು ಯುಕ್ತವಲ್ಲವೆಂದು ಅವರು ನಿರಾಕರಿಸುತ್ತಾರೆ. ಪೋತವೆಂಬುದು ಹುಟ್ಟುವ ಜೀವದ ಪರಿಣಾಮವೇ ಹೊರತು, ಅದರಿಂದ ಇನ್ನೊಂದು ಹುಟ್ಟುವಂಥ ಬೇರೆ ವಸ್ತುವಲ್ಲ ಎಂಬುದು ಅವರ ವಾದದ ತಿರುಳು.

ಈ ವಾದವು ನಮ್ಮ ವಿಷಯಕ್ಕೆ ಬಹು ಉಪಕಾರಕವಾಗಿದೆ. ಜರಾಯುವಿನಿಂದ ಹುಟ್ಟಿದುದು ಜರಾಯುಜ, ಅಂಡದಿಂದ ಹುಟ್ಟಿದುದು ಅಂಡಜ. ಇವೆರಡರಲ್ಲಿಯೂ ಹುಟ್ಟುವ ಜೀವ ಬೇರೆ, ಅದನ್ನು ಒಳಗೊಂಡ ಹೊದಿಕೆ ಬೇರೆ. ಪೋತದಲ್ಲಿ ಹೊದಿಕೆಯೇ ಇಲ್ಲವಾದ್ದರಿಂದ ‘ಇದರಿಂದ ಹುಟ್ಟಿತು’ ಎಂದು ಹೇಳಲು ಏನೂ ಉಳಿಯುವುದಿಲ್ಲ. ಜರಾಯುವು ಹೊದಿಕೆಯೆಂಬ ಅರ್ಥವನ್ನು ಒಪ್ಪಿದಾಗ ಮಾತ್ರ ಅಕಲಂಕರ ಆಕ್ಷೇಪಕ್ಕೆ ಬಲ ಬರುತ್ತದೆ. ಪೋತಜ ಪಾಠಕ್ಕೆ ಆಗಮದ ಪೋಯಯ ಶಬ್ದದ ಬೆಂಬಲವಿರುವುದನ್ನೂ ಮರೆಯಲಾಗದು. ಯಾವ ಪಾಠವು ಮೂಲವೆಂಬ ನಿರ್ಣಯವನ್ನು ನಾವಿಲ್ಲಿ ಮಾಡುತ್ತಿಲ್ಲ. ಎರಡು ಪಾಠಗಳೂ ಜರಾಯುವನ್ನು ಆವರಣವೆಂದೇ ತಿಳಿದಿವೆ ಎಂಬಷ್ಟು ನಮಗೆ ಸಾಕು.

6. ಒಂದು ಆಕ್ಷೇಪ ಮತ್ತು ಸಮಾಧಾನ

ಇಲ್ಲಿ ಒಂದು ಆಕ್ಷೇಪ ಬರಬಹುದು. ಜರಾಯುವು ಪೊರೆಯೇ ಆಗಲಿ. ಆನೆ, ಮೊಲ, ಇಲಿಗಳಿಗೆ ಆ ಪೊರೆಯೂ ಉಂಟೆಂದು ಇಂದಿನ ಪ್ರಾಣಿಶಾಸ್ತ್ರವು ತೋರಿಸಿದೆ. ಹಾಗಾದರೆ ಅರ್ಥವನ್ನು ತಿದ್ದಿದುದರಿಂದ ಬಂದ ಪ್ರಯೋಜನವೇನು?

ಆಕ್ಷೇಪವು ಸರಿಯಾದುದೇ. ಆದರೆ ಪದದ ಅರ್ಥವೇನು ಎಂಬುದು ಒಂದು ಪ್ರಶ್ನೆ, ಉದಾಹರಣೆಗಳು ಸರಿಯೇ ಎಂಬುದು ಇನ್ನೊಂದು. ಇವೆರಡನ್ನೂ ಬೆರೆಸಬಾರದು. ಇಲಿ ಮೊದಲಾದ ಸಣ್ಣ ಪ್ರಾಣಿಗಳು ಮರಿ ಹಾಕಿದೊಡನೆಯೇ ಪೊರೆಯನ್ನು ತಾವೇ ತಿಂದುಬಿಡುತ್ತವೆ. ನೋಡಿದವರ ಕಣ್ಣಿಗೆ ಬೀಳುವುದು ಹೊದಿಕೆಯಿಲ್ಲದ ಮರಿ ಮಾತ್ರ. ಹಸುವಿನ ಕರು ಪೊರೆಯಲ್ಲಿ ನೆನೆದು ಬೀಳುವುದನ್ನೂ ತಾಯಿ ಅದನ್ನು ನೆಕ್ಕುವುದನ್ನೂ ಪ್ರತಿಯೊಬ್ಬ ರೈತನೂ ಕಂಡಿರುತ್ತಾನೆ. ಕಣ್ಣಿಗೆ ಕಂಡುದನ್ನು ಆಧಾರವಾಗಿಟ್ಟುಕೊಂಡು ವಿಭಾಗ ಮಾಡಿದವರಿಗೆ ಇಂಥ ಭೇದವು ತೋರಿದುದು ಸಹಜ. ಆನೆಯ ವಿಷಯದಲ್ಲಿ ಈ ಸಮಾಧಾನವು ಸಾಲದು. ಆನೆಯನ್ನು ಕುರಿತು ಪ್ರಾಚೀನರಲ್ಲಿಯೇ ಭಿನ್ನಾಭಿಪ್ರಾಯವಿತ್ತು. ವಸುಬಂಧುವಿನ ಅಭಿಧರ್ಮಕೋಶಭಾಷ್ಯದಲ್ಲಿ ಆನೆಯು ಕುದುರೆ ಹಸುಗಳೊಡನೆ ಜರಾಯುಜಗಳ ಪಂಕ್ತಿಯಲ್ಲಿದೆ.

ಇನ್ನೊಂದು ಎಚ್ಚರಿಕೆಯನ್ನೂ ಹೇಳಬೇಕು. ಹುಟ್ಟಿದೊಡನೆ ಚಲಿಸುವ ಸಾಮರ್ಥ್ಯವೆಂಬ ಸರ್ವಾರ್ಥಸಿದ್ಧಿಯ ಲಕ್ಷಣವನ್ನು ತತ್ತ್ವಾರ್ಥಭಾಷ್ಯದ ಪಟ್ಟಿಗೆ ಅನ್ವಯಿಸಹೋದರೆ ವಿರೋಧ ಬರುತ್ತದೆ. ಇಲಿಯ ಮರಿ ಹುಟ್ಟಿದಾಗ ಕಣ್ಣನ್ನೂ ತೆರೆಯದು. ಒಂದು ವ್ಯಾಖ್ಯಾನದ ಲಕ್ಷಣ, ಇನ್ನೊಂದು ವ್ಯಾಖ್ಯಾನದ ಲಕ್ಷ್ಯ, ಇವನ್ನು ಕಲಸಿ ಒಂದೇ ಸಿದ್ಧಾಂತವಾಗಿ ಒಪ್ಪಿಸುವ ಅಭ್ಯಾಸವನ್ನು ನಾವು ಬಿಡಬೇಕು. ಪ್ರತಿಯೊಂದು ಗ್ರಂಥವೂ ತಾನು ಹೇಳಿದುದಕ್ಕೆ ಮಾತ್ರ ಹೊಣೆ. ಆವರಣದ ವಿಷಯದಲ್ಲಿ ಪ್ರಾಚೀನರ ಅವಲೋಕನವು ಅಸಂಪೂರ್ಣವಾಗಿತ್ತೆಂದು ಹೇಳುವವರು ಹೇಳಲಿ. ಪೋಷಣೆಯ ಅಂಗವೇ ಇಲ್ಲವೆಂದು ಅವರು ಹೇಳಿದರೆನ್ನುವುದು ಮಾತ್ರ ಸಲ್ಲದು.

7. ಅರ್ಥಾಂತರವು ಬಂದ ಬಗೆ

ಪೊರೆಯ ಹೆಸರು ಬೇರೆ ಅಂಗಗಳಿಗೆ ಹೇಗೆ ಹೋಯಿತು? ಇದಕ್ಕೆ ಎರಡು ಮಾರ್ಗಗಳು ಕಾಣುತ್ತವೆ.

ಒಂದನೆಯದು ಕೋಶಕಾರರ ಮಾರ್ಗ. ಅಮರಸಿಂಹನು ಮನುಷ್ಯವರ್ಗದಲ್ಲಿ ಗರ್ಭಾಶಯ, ಜರಾಯು, ಉಲ್ಬ ಎಂಬ ಪದಗಳನ್ನು ಒಟ್ಟಿಗೆ ಇಟ್ಟಿದ್ದಾನೆ.  ಶಿಶುವನ್ನು ಸುತ್ತಿದ ಪೊರೆಗೂ ಆ ಪೊರೆಯನ್ನು ಒಳಗೊಂಡ ಕೋಶಕ್ಕೂ ಇದರಿಂದ ಪರ್ಯಾಯತ್ವವು ಬಂದಂತಾಯಿತು. ಇಂದಿನ ಬಂಗಾಳಿಯಲ್ಲಿ ಜರಾಯು ಎಂದರೆ ಗರ್ಭಕೋಶವೆಂದೇ ಅರ್ಥ. ಕನ್ನಡ ವಿದ್ಯಾರ್ಥಿಯೂ ಬಂಗಾಳಿ ವಿದ್ಯಾರ್ಥಿಯೂ ಒಂದೇ ಸೂತ್ರವನ್ನು ಓದಿ ಎರಡು ಬೇರೆ ಅಂಗಗಳನ್ನು ಊಹಿಸಿಕೊಳ್ಳುವ ವಿಚಿತ್ರ ಸ್ಥಿತಿ ಹೀಗೆ ಒದಗಿದೆ. ಇಬ್ಬರಿಗೂ ಸೂತ್ರಕಾರರ ಅಭಿಪ್ರಾಯವು ದೊರೆಯುವುದಿಲ್ಲ.

ಎರಡನೆಯದು ಲೋಕವ್ಯವಹಾರದ ಮಾರ್ಗ. ಹೆರಿಗೆಯ ಅನಂತರ ಪೊರೆಯೂ ಅಪರೆಯೂ ಒಂದಕ್ಕೊಂದು ಅಂಟಿಕೊಂಡೇ ಬೀಳುತ್ತವೆ. ನೋಡುವವರಿಗೆ ಅವು ಒಂದೇ ವಸ್ತು. ಕನ್ನಡದಲ್ಲಿ ಅದಕ್ಕೆ ಮಾಸು ಎನ್ನುತ್ತಾರೆ, ಕೆಲವೆಡೆ ದನಕರುಗಳ ವಿಷಯದಲ್ಲಿ ಸತ್ತೆ ಎನ್ನುವುದೂ ಉಂಟು. ಅಥರ್ವವೇದದ ಪ್ರಸವಸೂಕ್ತದಲ್ಲಿ ಬೀಳಲೆಂದು ಕೋರಿದ ಜರಾಯುವು ಈ ಮಾಸೇ ಆಗಿರಬೇಕು. ಆದ್ದರಿಂದ ಪಠ್ಯಪುಸ್ತಕಗಳನ್ನು ರಚಿಸಿದವರು ಆಧಾರವಿಲ್ಲದೆ ಈ ಪದವನ್ನು ಆರಿಸಿಕೊಂಡರೆಂದು ದೂಷಿಸಲಾಗದು. ಸಮುದಾಯಕ್ಕಿದ್ದ ಹೆಸರನ್ನು ಅವರು ಸಮುದಾಯದ ಒಂದು ಭಾಗಕ್ಕೆ ನಿಲ್ಲಿಸಿದರು. ಶಾಸ್ತ್ರವು ಅದೇ ಹೆಸರನ್ನು ಇನ್ನೊಂದು ಭಾಗಕ್ಕೆ ನಿಲ್ಲಿಸಿತ್ತು ಎಂಬುದು ಅವರ ಗಮನಕ್ಕೆ ಬಾರದಿದ್ದುದೇ ತೊಡಕಿಗೆ ಕಾರಣ.

8. ಉಪಸಂಹಾರ

ರೂಢವಾದ ಪದವನ್ನು ಪಠ್ಯಪುಸ್ತಕಗಳಿಂದ ಕಿತ್ತುಹಾಕಬೇಕೆಂಬುದು ನಮ್ಮ ಆಶಯವಲ್ಲ, ಅದು ಸಾಧ್ಯವೂ ಅಲ್ಲ. ಸಿದ್ಧಾಂತ ಗ್ರಂಥಗಳನ್ನು ಸಂಪಾದಿಸುವವರೂ ಕನ್ನಡಿಸುವವರೂ ಜರಾಯು ಶಬ್ದವನ್ನು ಬರಿದೆ ಬಿಟ್ಟು ಮುಂದೆ ಹೋಗಬಾರದೆಂಬಷ್ಟೇ ನಮ್ಮ ವಿಜ್ಞಾಪನೆ. ಪದವನ್ನು ಹಾಗೆಯೇ ಉಳಿಸಿಕೊಂಡು, ಪಕ್ಕದಲ್ಲಿ ‘ಗರ್ಭವನ್ನು ಸುತ್ತಿದ ಪೊರೆ’ ಎಂದು ವಿವರಣೆ ಕೊಟ್ಟರೆ ಸಾಕು. ಪೋಷಣೆಯ ಅಂಗವನ್ನು ಹೇಳಬೇಕಾದಲ್ಲಿ ಚರಕನ ಅಪರಾ ಶಬ್ದವು ಸಿದ್ಧವಾಗಿಯೇ ಇದೆ.

ಪೊರೆ ಎಂಬ ಕನ್ನಡ ಪದವನ್ನು ನಾವು ಬೇಕೆಂದೇ ಸೂಚಿಸಿದ್ದೇವೆ. ಹಾವು ಕಳಚುವುದೂ ಪೊರೆ, ಕಣ್ಣಿಗೆ ಬರುವುದೂ ಪೊರೆ. ಪೊರೆ ಎಂಬ ಕ್ರಿಯಾಪದಕ್ಕೆ ಕಾಪಾಡು, ಸಲಹು ಎಂಬ ಅರ್ಥಗಳೂ ಹಳಗನ್ನಡದಿಂದಲೂ ಪ್ರಸಿದ್ಧವಾಗಿವೆ. ನಾಮಪದವೂ ಕ್ರಿಯಾಪದವೂ ಒಂದೇ ಮೂಲದವೋ ಬೇರೆ ಬೇರೆಯೋ ಎಂಬುದನ್ನು ಭಾಷಾಶಾಸ್ತ್ರಜ್ಞರು ನಿರ್ಣಯಿಸಲಿ. ಸುತ್ತಿಕೊಂಡು ಕಾಪಾಡಿ ಕಾಲ ತೀರಿದಾಗ ಕಳಚುವ ಜರಾಯುವಿಗೆ ಇದಕ್ಕಿಂತ ಹೊಂದುವ ಕನ್ನಡ ಪದವು ನಮಗೆ ತೋರದು.

ಈ ಕಾರ್ಯದಲ್ಲಿ ಕನ್ನಡ ವೃತ್ತಿಗಳ ಓಲೆಪ್ರತಿಗಳು ಬಹಳ ಸಹಾಯಕವಾಗಬಲ್ಲವು. ಕೇಶವವರ್ಣಿಯು 1359ರಲ್ಲಿ ಮುಗಿಸಿದ ಗೊಮ್ಮಟಸಾರದ ಕರ್ಣಾಟಕವೃತ್ತಿಯನ್ನು ಆಧರಿಸಿಯೇ ಸಂಸ್ಕೃತದ ಜೀವತತ್ತ್ವಪ್ರದೀಪಿಕೆಯು ರಚಿತವಾಯಿತೆಂದು ಡಾ. ಆ. ನೇ. ಉಪಾಧ್ಯೆಯವರು ತೋರಿಸಿಕೊಟ್ಟಿದ್ದಾರೆ. ತತ್ತ್ವಾರ್ಥಸೂತ್ರಕ್ಕೂ ಕನ್ನಡದಲ್ಲಿ ದಿವಾಕರಣಂದಿ, ಬಾಲಚಂದ್ರ ಮೊದಲಾದವರ ವ್ಯಾಖ್ಯಾನಗಳಿವೆ. ಇಂಥ ಪ್ರತಿಗಳನ್ನು ಓದುವವರು ಜರಾಯು, ಅಂಡ, ಪೋತಗಳು ಬರುವ ಸ್ಥಳದಲ್ಲಿ ವ್ಯಾಖ್ಯಾನಕಾರರು ಬಳಸಿದ ಕನ್ನಡ ಪದಗಳನ್ನು ಗುರುತುಹಾಕಿಕೊಂಡು ಪ್ರಕಟಿಸುವುದಾದರೆ ಮಹೋಪಕಾರವಾಗುತ್ತದೆ. ಸೂತ್ರದ ಅಕ್ಷರಗಳನ್ನು ನಮ್ಮ ಲಿಪಿಕಾರರು ಶತಮಾನಗಳಿಂದ ಕೆಡದಂತೆ ಕಾಪಾಡಿಕೊಂಡು ಬಂದಿದ್ದಾರೆ. ಆ ಅಕ್ಷರಗಳ ಅರ್ಥವನ್ನು ಕೆಡದಂತೆ ಕಾಪಾಡುವ ಹೊಣೆ ಇಂದು ಸಂಪಾದಕರ ಮೇಲಿದೆ.